ಕಿವಿಯೂ ಸದ್ದು ಮಾಡುತ್ತದೆ

ಹೊರಗಿನ ಸದ್ದನ್ನು ಒಳಕ್ಕೆ ಬಿಟ್ಟುಕೊಳ್ಳುವುದಷ್ಟೇ ಕಿವಿಯ ಕೆಲಸವೆಂದು ಬಹುಕಾಲ ನಂಬಲಾಗಿತ್ತು. ಕಿವಿ ತಾನೂ ಸದ್ದು ಹೊರಡಿಸುತ್ತದೆ ಎಂಬುದು ಖಚಿತವಾದದ್ದು 1978ರಲ್ಲಿ. ಈ ಶೋಧದ ಹಿಂದೆ ಟೆಲಿಫೋನ್ ತಂತಿಯ ಕಥೆಯೊಂದಿದೆ.

ಹಂಗೇರಿಯ ಜಾರ್ಜ್ ವಾನ್ ಬೆಕೆಸಿ ವೈದ್ಯರಲ್ಲ, ಭೌತವಿಜ್ಞಾನಿ. ಬುಡಾಪೆಸ್ಟಿನ ಅಂಚೆ ಇಲಾಖೆಯ ಪ್ರಯೋಗಾಲಯದಲ್ಲಿ ದೂರವಾಣಿಯನ್ನು ಸುಧಾರಿಸುವುದು ಅವರ ಕೆಲಸವಾಗಿತ್ತು. ತಂತಿಯ ಕೊನೆಯಲ್ಲಿರುವುದು ಮನುಷ್ಯನ ಕಿವಿ ತಾನೆ? ಅದನ್ನು ಅರಿಯಲು ಅವರು 1920ರ ದಶಕದಲ್ಲಿ ಶವಗಳ ಕಿವಿ ಬಿಡಿಸಿ ನೋಡತೊಡಗಿದರು.

ಸದ್ದಿನ ಅಲೆ ಕಿವಿಯ ತಮಟೆಯನ್ನು ಅದುರಿಸುತ್ತದೆ. ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಪುಟ್ಟ ಮೂಳೆಗಳು ಆ ಕಂಪನವನ್ನು ಒಳಕಿವಿಗೆ ದಾಟಿಸುತ್ತವೆ. ಮೂಳೆಗಳೇಕೆ ಬೇಕು? ಒಳಕಿವಿಯಲ್ಲಿರುವುದು ದ್ರವ. ಗಾಳಿಯಲ್ಲಿ ಬಂದ ಸದ್ದು ದ್ರವಕ್ಕೆ ಬಡಿದರೆ ಬಹುಪಾಲು ಹಿಂದಿರುಗುತ್ತದೆ. ಕೆರೆಯಲ್ಲಿ ಮುಳುಗಿದವನಿಗೆ ದಡದವರ ಮಾತು ಸರಿಯಾಗಿ ಕೇಳದು. ತಮಟೆಯ ಮೇಲೆ ಬಿದ್ದ ಬಲವೆಲ್ಲ ರಿಕಾಪಿನ ಚಿಕ್ಕ ಪಾದಕ್ಕೆ ಸೇರುವುದರಿಂದ ಒತ್ತಡ ಸುಮಾರು 20 ಪಟ್ಟು ಹೆಚ್ಚುತ್ತದೆ.

ಒಳಕಿವಿಯ ಕಾಕ್ಲಿಯಾ ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತು ಸುತ್ತಿಕೊಂಡಿದೆ. ಅದರೊಳಗೆ ಉದ್ದಕ್ಕೂ ಪೊರೆಯಿದೆ. ಬೆಕೆಸಿ ಒಳಗೆ ಬೆಳ್ಳಿಯ ಕಣಗಳನ್ನು ಉದುರಿಸಿ, ಮಿನುಗು ಬೆಳಕಿನಲ್ಲಿ ಸೂಕ್ಷ್ಮದರ್ಶಕದಿಂದ ನೋಡಿದರು. ಝಾಡಿಸಿದ ಹಗ್ಗದಲ್ಲಿ ಓಡುವಂತೆ ಅಲೆಯೊಂದು ಪೊರೆಯಲ್ಲಿ ಓಡಿತು. ತಾರಸ್ವರಕ್ಕೆ ಅದು ಬುಡದಲ್ಲೇ ಉಬ್ಬುತ್ತಿತ್ತು, ಮಂದ್ರಕ್ಕೆ ತುದಿಯ ಹತ್ತಿರ. ಉಬ್ಬಿದ ಜಾಗದ ರೋಮಕೋಶಗಳಿಂದ ಹೊರಟ ಸಂಕೇತ ನರದ ಮೂಲಕ ಮಿದುಳನ್ನು ಮುಟ್ಟುತ್ತದೆ. ಆಗಲೇ ನಮಗೆ ಕೇಳಿಸುವುದು. 1961ರಲ್ಲಿ ಬೆಕೆಸಿಗೆ ನೊಬೆಲ್ ಬಂತು.

ಆದರೆ ಅವರು ನೋಡಿದ್ದು ಸತ್ತ ಕಿವಿಯನ್ನು. ಅಲ್ಲಿ ಅಲೆ ಕಾಣಿಸಲು ಸದ್ದನ್ನು ವಿಪರೀತ ಏರಿಸಬೇಕಿತ್ತು, ಉಬ್ಬೂ ತೀರಾ ಅಗಲ. ತಂಬೂರಿಯ ಶ್ರುತಿ ಕೂಡಿಸುವವರ ಸೂಕ್ಷ್ಮ ಇಷ್ಟರಿಂದ ಬರುವುದಲ್ಲ. ಜೀವಂತ ಕಿವಿ ತನ್ನ ಶಕ್ತಿಯನ್ನೂ ಸೇರಿಸಿ ಸದ್ದನ್ನು ಹಿಗ್ಗಿಸುತ್ತಿರಬೇಕು, ಹಾಗಿದ್ದರೆ ಕಿವಿಯಿಂದಲೂ ಸದ್ದು ಬರಬೇಕು ಎಂದು ಥಾಮಸ್ ಗೋಲ್ಡ್ 1948ರಲ್ಲೇ ವಾದಿಸಿದ್ದರು. ಅವರ ಮಾತಿಗೆ ಹೆಚ್ಚು ಜನ ಕಿವಿಗೊಡಲಿಲ್ಲ! 30 ವರ್ಷಗಳ ನಂತರ ಲಂಡನ್ನಿನ ಡೇವಿಡ್ ಕೆಂಪ್ ಕಿವಿಯೊಳಗೆ ಪುಟ್ಟ ಮೈಕ್ ಇಟ್ಟು ಆ ಸದ್ದನ್ನು ಹಿಡಿದರು. ಹೊರಸಾಲಿನ ರೋಮಕೋಶಗಳು ಹಿಗ್ಗಿ ಕುಗ್ಗಿ ಪೊರೆಯನ್ನು ತಳ್ಳುವುದರಿಂದ ಹುಟ್ಟುವ ಸದ್ದು ಅದು.

ಇದರಿಂದ ದೊಡ್ಡ ಉಪಕಾರವಾದದ್ದು ಹಸುಗೂಸುಗಳಿಗೆ. ಕಿವಿ ಕೇಳದ ಮಗುವಿಗೆ ಮಾತು ಕಲಿಯುವುದು ಕಷ್ಟ. ಮಗು ಎರಡು ವರ್ಷವಾದರೂ ‘ಅಮ್ಮ’ ಎನ್ನದಿದ್ದಾಗಲೇ ಎಷ್ಟೋ ಮನೆಗಳಲ್ಲಿ ಅನುಮಾನ ಹುಟ್ಟುವುದು. ಈಗ ಮಲಗಿರುವ ಕೂಸಿನ ಕಿವಿಯಲ್ಲಿ ಸಣ್ಣ ಸಾಧನವಿಟ್ಟು ‘ಟಿಕ್’ ಎನ್ನಿಸುತ್ತಾರೆ. ಒಳಕಿವಿ ಸರಿಯಿದ್ದರೆ ಮರುದನಿ ಬರುತ್ತದೆ. ಬಾರದಿದ್ದರೂ ಕಿವುಡೆಂದು ತೀರ್ಮಾನಿಸುವಂತಿಲ್ಲ. ಹುಟ್ಟಿದ ಹೊಸದರಲ್ಲಿ ಕಿವಿಯಲ್ಲಿ ಕೊಳೆ ಕಟ್ಟಿರುವುದೂ ಉಂಟು. ಕೆಲವು ದಿನ ಬಿಟ್ಟು ಮತ್ತೆ ಪರೀಕ್ಷಿಸುತ್ತಾರೆ.