ಪಾವಗಡ ಸೋಲಾರ್ ಪಾರ್ಕ್: ಜಮೀನಿದ್ದವರಿಗೆ ಗುತ್ತಿಗೆ ಹಣ, ಕೂಲಿಯವರಿಗೆ ಏನು?

ಪಾವಗಡ: ಕಲ್ಲಿದ್ದಲು ಸುಡೋದಿಲ್ಲ, ಹೊಗೆ-ಬೂದಿ ಇಲ್ಲ, ಬಿಸಿಲಿಂದಲೇ ಕರೆಂಟ್. ತಾಲೂಕಿನ ತಿರುಮಣಿ, ವಳ್ಳೂರು ಸೇರಿ ಐದು ಹಳ್ಳಿಗಳ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಇದೆ. ಮಳೆ ನಂಬಿ ಶೇಂಗಾ ಬಿತ್ತಿ ಕೈ ಸುಟ್ಟುಕೊಂಡಿದ್ದ ರೈತರು ಜಮೀನು ಮಾರದೆ ಗುತ್ತಿಗೆಗೆ ಕೊಟ್ಟರು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5ರಷ್ಟು ಏರಿಕೆ. ಬರ ಬಿದ್ದರೂ ಬರೋ ದುಡ್ಡು, ಸಣ್ಣ ಮಾತೇನಲ್ಲ.

ಆದರೆ ಇದು ಪಹಣಿ ಇದ್ದವರ ಲೆಕ್ಕ. ಅದೇ ಹೊಲಗಳಲ್ಲಿ ಕಳೆ ಕಿತ್ತು, ಕಾಯಿ ಬಿಡಿಸಿ ಬದುಕುತ್ತಿದ್ದ ಭೂಮಿ ಇಲ್ಲದವರಿಗೆ ಗುತ್ತಿಗೆ ಹಣವೂ ಇಲ್ಲ, ಹೊಲದ ಕೂಲಿಯೂ ಹೋಯ್ತು. ಕುರಿ ಮೇಯಿಸೋರಿಗೆ ಬೇಲಿ ಅಡ್ಡ. ಪ್ಯಾನೆಲ್ ತೊಳೆಯೋದು, ಹುಲ್ಲು ಕೀಳೋದು, ಕಾವಲು ಕಾಯೋದು ಇಂಥ ಕೆಲಸಗಳಿವೆ, ಎಲ್ಲರಿಗೂ ಸಾಕಾಗುವಷ್ಟಿಲ್ಲ.