ಮುಳುಗಿದ ಮನೆ ಮೇಲೇಳಲು ವಿಮೆಯ ಆಸರೆ

ನೆರೆ ಇಳಿದಿದೆ. ಗೋಡೆಯ ಮೇಲೆ ಎದೆಮಟ್ಟದಲ್ಲಿ ಕೆಸರಿನ ಗೆರೆ. ವಿಮೆ ಇರುವುದರಿಂದ ರಿಪೇರಿಗೆ ಹಣ ಸಿಗುತ್ತದೆ. ಇನ್ನೇನು, ಕೆಲಸದವರನ್ನು ಕರೆಸಬೇಕು ಎನ್ನುವಷ್ಟರಲ್ಲಿ ಊರಿನ ಕಟ್ಟಡ ಅಧಿಕಾರಿಯ ಆದೇಶ ಬರುತ್ತದೆ: ಮನೆಯನ್ನು ಹಿಂದಿನ ಎತ್ತರದಲ್ಲೇ ಕಟ್ಟುವಂತಿಲ್ಲ, ಮೇಲೆತ್ತಬೇಕು. ಆ ಖರ್ಚು ಯಾರದು?

ಅಮೆರಿಕದ ನದೀತೀರ, ಕಡಲತೀರಗಳ ಅನೇಕ ಕುಟುಂಬಗಳಿಗೆ ಎದುರಾಗುವ ಪ್ರಶ್ನೆ ಇದು. 1968ರ ಕಾನೂನಿನಿಂದ ಹುಟ್ಟಿದ ಅಲ್ಲಿನ ರಾಷ್ಟ್ರೀಯ ನೆರೆ ವಿಮೆ ಯೋಜನೆಗೆ ಒಂದು ಷರತ್ತಿದೆ. ನೆರೆ ಬಯಲಿನ ಕಟ್ಟಡ ನಿಯಮಗಳನ್ನು ಜಾರಿಗೆ ತಂದ ಊರಿನವರಿಗೆ ಮಾತ್ರ ಈ ವಿಮೆ.

ಅರ್ಧದ ಲೆಕ್ಕ

ನಿವೇಶನದ ಬೆಲೆ ಬಿಟ್ಟು ಮನೆಯೊಂದರ ಬೆಲೆ 1 ಲಕ್ಷ ಡಾಲರ್ ಎಂದುಕೊಳ್ಳಿ. ರಿಪೇರಿಗೆ ಅದರ ಅರ್ಧ, ಅಂದರೆ 50,000 ಅಥವಾ ಹೆಚ್ಚು ಬೇಕಾದರೆ ಅದು 'ಗಣನೀಯ ಹಾನಿ'. ಆಗ ಹಳೆಯ ಮನೆಯೂ ಹೊಸ ನಿಯಮಕ್ಕೆ ಒಳಪಡುತ್ತದೆ. ವಾಸದ ನೆಲ 'ನೂರು ವರ್ಷದ ನೆರೆ'ಯ ಮಟ್ಟಕ್ಕಾದರೂ ಏರಬೇಕು.

ನೂರು ವರ್ಷದ ನೆರೆ ಎಂದರೆ ನೂರು ವರ್ಷಕ್ಕೊಮ್ಮೆ ಬರುವ ನೆರೆಯಲ್ಲ. ಯಾವುದೇ ವರ್ಷದಲ್ಲಿ ಬರುವ ಸಾಧ್ಯತೆ ಶೇಕಡ 1 ಎಂದರ್ಥ. 0.99ನ್ನು 30 ಬಾರಿ ಗುಣಿಸಿದರೆ ಸುಮಾರು 0.74. ಅಂದರೆ 30 ವರ್ಷದ ಗೃಹಸಾಲ ತೀರುವುದರೊಳಗೆ ಅಂಥ ನೆರೆ ಒಮ್ಮೆಯಾದರೂ ಬರುವ ಸಾಧ್ಯತೆ ಶೇಕಡ 26!

ಹೆಚ್ಚುವರಿ ನೆರವು

ಈ ಹೊರೆ ಇಳಿಸಲೆಂದೇ 1997ರಲ್ಲಿ ಪಾಲಿಸಿಗೆ ಇನ್ನೊಂದು ಭಾಗ ಸೇರಿತು. ಆಗ 15,000 ಡಾಲರ್ ಇದ್ದ ನೆರವಿನ ಮಿತಿ 2003ರಲ್ಲಿ 30,000ಕ್ಕೆ ಏರಿತು. ಮನೆಯನ್ನು ಎತ್ತರಿಸಲು, ಬೇರೆಡೆಗೆ ಸಾಗಿಸಲು ಇಲ್ಲವೇ ಕೆಡವಲು ಈ ಹಣ ಬಳಸಬಹುದು. ಕೆಲಸ ಮುಗಿಸಲು 6 ವರ್ಷ ಅವಕಾಶ.

ಆದರೆ ಎತ್ತರಿಸುವ ಖರ್ಚು ಹಲವು ಸಲ ಈ ಮಿತಿಯನ್ನು ದಾಟುತ್ತದೆ. ನಮ್ಮ ಉದಾಹರಣೆಯ ಮನೆಗೆ 75,000 ಡಾಲರ್ ತಗುಲಿದರೆ, 45,000ವನ್ನು ಮಾಲೀಕರೇ ಹೊಂದಿಸಬೇಕು. ಇನ್ನೊಂದು ವಿಚಿತ್ರವೂ ಇದೆ. ಹಾನಿ 40,000 ಡಾಲರ್ ಮಾತ್ರ ಆಗಿದ್ದರೆ ಸಾಮಾನ್ಯವಾಗಿ ಎತ್ತರಿಸುವ ಆದೇಶವೂ ಇಲ್ಲ, ಹೆಚ್ಚುವರಿ ಹಣವೂ ಇಲ್ಲ. ಮನೆ ಅದೇ ತಗ್ಗಿನಲ್ಲಿ ಮುಂದಿನ ನೆರೆಗೆ ಕಾಯುತ್ತದೆ.

ಎತ್ತುವುದು ಹೇಗೆ?

ಅಲ್ಲಿನ ಮನೆಗಳಲ್ಲಿ ಮರದ ಚೌಕಟ್ಟಿನವೇ ಹೆಚ್ಚು. ಅಡಿಯಲ್ಲಿ ಉಕ್ಕಿನ ತೊಲೆ ತೂರಿಸಿ, ಹೈಡ್ರಾಲಿಕ್ ಜಾಕ್‌ಗಳಿಂದ ಇಂಚಿಂಚಾಗಿ ಎತ್ತುತ್ತಾರೆ. ಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ ಆನಿಕೆ ಕೊಡುತ್ತಾರೆ. ಎತ್ತರದ ಅಡಿಪಾಯ ಕಟ್ಟಿ ಅದರ ಮೇಲೆ ಮನೆಯನ್ನು ಕೂರಿಸುತ್ತಾರೆ. ಕೆಳಗಿನ ಜಾಗ ಕಾರು ನಿಲ್ಲಿಸಲು, ಸಾಮಾನು ಇಡಲು ಮಾತ್ರ. ಅದರ ಗೋಡೆಗಳಲ್ಲಿ ನೀರಿಗೆಂದೇ ಕಿಂಡಿಗಳಿರಬೇಕು. ಒಳಗೂ ಹೊರಗೂ ನೀರಿನ ಒತ್ತಡ ಸಮನಾದರೆ ಗೋಡೆ ಕುಸಿಯದು.

ನೀರನ್ನು ತಡೆಯುವ ಬದಲು ಅದಕ್ಕೆ ದಾರಿ ಬಿಡುವುದೇ ಈ ನಿಯಮಗಳ ತಿರುಳು. ಆ ದಾರಿಯ ಖರ್ಚಿನಲ್ಲಿ ವಿಮೆಯದು ಒಂದು ಪಾಲು ಮಾತ್ರ. ಉಳಿದ ಪಾಲಿನ ಲೆಕ್ಕವನ್ನು ನೆರೆ ಬಂದ ಮೇಲಲ್ಲ, ಮನೆ ಕೊಳ್ಳುವಾಗಲೇ ಹಾಕಬೇಕು.