ಅಸ್ಥಿಸಂಧಾನದ ಲೋಹಗಳೂ ‘ಶಲ್ಯ’ ಶಬ್ದವೂ

ಶರೀರದೊಳಕ್ಕೆ ಹೊಕ್ಕು ಬಾಧೆಯನ್ನುಂಟುಮಾಡುವ ಪರವಸ್ತುವಿಗೆ ‘ಶಲ್ಯ’ವೆಂದು ಹೆಸರು. ಅದನ್ನು ಹೊರತೆಗೆಯುವ ಉಪಾಯಗಳನ್ನು ಮುಖ್ಯವಾಗಿ ಬೋಧಿಸುವುದರಿಂದಲೇ ಸುಶ್ರುತನ ಶಾಸ್ತ್ರಕ್ಕೆ ಶಲ್ಯತಂತ್ರವೆಂಬ ಹೆಸರು ಬಂದಿರುತ್ತದೆ. ಇಂದಿನ ಶಸ್ತ್ರವೈದ್ಯನಾದರೋ, ಮುರಿದ ಎಲುಬನ್ನು ಕೂಡಿಸುವುದಕ್ಕಾಗಿ ಲೋಹದ ಫಲಕವನ್ನೂ ತಿರುಪುಮೊಳೆಗಳನ್ನೂ ತಾನೇ ಒಳಗಿರಿಸಿ ಗಾಯವನ್ನು ಹೊಲಿಯುತ್ತಾನೆ. ತೆಗೆಯುವ ಶಾಸ್ತ್ರವು ಇಡುವ ಶಾಸ್ತ್ರವೂ ಆದುದು ಹೇಗೆ, ಯಾವ ದ್ರವ್ಯವನ್ನು ದೇಹವು ಸಹಿಸುತ್ತದೆ ಎಂಬುದು ವಿಚಾರಾರ್ಹವಾಗಿದೆ.

ಇದು ಪಂಡಿತರ ಮನೆಯ ಪ್ರಶ್ನೆ ಮಾತ್ರವಲ್ಲ. ಬೆಂಗಳೂರಿನ ವಾಯವ್ಯದಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶಕ್ಕೆ ಸಮೀಪವಾಗಿರುವ ಲಗ್ಗೆರೆಯಂತಹ ಊರಿನಲ್ಲಿ ಲೇತು, ಪ್ರೆಸ್ಸುಗಳ ನಡುವೆ ಬಾಳುವವರಿಗೆ ‘ಕಾಲಿಗೆ ರಾಡು ಹಾಕಿದ್ದಾರೆ’, ‘ಕೈಗೆ ಪ್ಲೇಟು ಹಾಕಿದ್ದಾರೆ’ ಎಂಬ ಮಾತುಗಳು ಹೊಸವಲ್ಲ. ದಿನವೂ ಉಕ್ಕನ್ನು ಕಡೆಯುವವನಿಗೆ ತನ್ನ ಎಲುಬಿನೊಳಗಿನ ಉಕ್ಕು ತುಕ್ಕು ಹಿಡಿದೀತೆ ಎಂಬ ಶಂಕೆ ಹುಟ್ಟುವುದು ಸಹಜವೇ ಸರಿ.

ಸುಶ್ರುತನ ಭಗ್ನಚಿಕಿತ್ಸೆಯಲ್ಲಿ ಲೋಹವು ಒಳಸೇರುವುದಿಲ್ಲ. ಎಳೆದು, ಒತ್ತಿ, ಎಲುಬನ್ನು ನೆಲೆಗೆ ತಂದಮೇಲೆ ಅತ್ತಿ, ಅರಳಿ, ಮುತ್ತುಗ, ಮತ್ತಿ ಮೊದಲಾದ ಮರಗಳ ತೊಗಟೆಯನ್ನಾಗಲಿ ಬಿದಿರನ್ನಾಗಲಿ ‘ಕುಶ’ವೆಂದು ಇಟ್ಟು ಕಟ್ಟಬೇಕು. ಕನ್ನಡದ ‘ದಬ್ಬೆ’ಯೇ ಈ ಕುಶ. ತೊಡೆ, ಕಣಕಾಲು ಮುರಿದವನನ್ನು ಹಲಗೆಯ ಮೇಲೆ ಮಲಗಿಸಿ ಐದು ಕೀಲಗಳಿಂದ ಅಲುಗದಂತೆ ನಿಲ್ಲಿಸುವ ಕಪಾಟಶಯನವೂ ಉಂಟು. ಕಟ್ಟು ಸಡಿಲವಾದರೆ ಸಂಧಿಗೆ ಸ್ಥೈರ್ಯವಿಲ್ಲ. ಅತಿಬಿಗಿಯಾದರೆ ಬಾವು, ನೋವು, ಕೀವು. ಆದುದರಿಂದ ಚಳಿಗಾಲದಲ್ಲಿ ಏಳು ದಿನಕ್ಕೊಮ್ಮೆ, ಸಾಧಾರಣ ಋತುವಿನಲ್ಲಿ ಐದಕ್ಕೊಮ್ಮೆ, ಬೇಸಗೆಯಲ್ಲಿ ಮೂರಕ್ಕೊಮ್ಮೆ ಬಿಚ್ಚಿ ಕಟ್ಟತಕ್ಕದ್ದೆಂದು ವಿಧಿ. ಬೆಂಗಳೂರಿನ ಬೀದಿಗಳಲ್ಲಿ ಇಂದಿಗೂ ಕಾಣುವ ‘ಪುತ್ತೂರು ಕಟ್ಟಿ’ನ ಫಲಕಗಳು ಈ ದಬ್ಬೆಯ ಸಂಪ್ರದಾಯವನ್ನೇ ನೆನಪಿಗೆ ತರುತ್ತವೆ. ಆದರೆ ಬಿಗಿದ ಕಟ್ಟಿನಿಂದ ರಕ್ತಸಂಚಾರವು ನಿಂತು ಅಂಗವೇ ಸತ್ತುಹೋಗಬಹುದು. ಎಲುಬು ಚರ್ಮವನ್ನು ಸೀಳಿ ಹೊರಬಂದಿರುವಲ್ಲಿ ಬರಿಯ ಕಟ್ಟು ಸಾಲದು.

ಒಳಗೆ ಉಳಿದ ವಸ್ತುವಿನ ಗತಿಯನ್ನು ಸೂತ್ರಸ್ಥಾನದ ೨೬ನೆಯ ಅಧ್ಯಾಯವು ಹೇಳುತ್ತದೆ. ಚಿನ್ನ, ಬೆಳ್ಳಿ, ತಾಮ್ರ, ಹಿತ್ತಾಳೆ, ತವರ, ಸೀಸಗಳ ಶಲ್ಯವು ಬಹುಕಾಲ ನಿಂತರೆ ಪಿತ್ತದ ತೇಜಸ್ಸಿನಿಂದ ಕರಗುವುದು. ಕೊಂಬು, ಹಲ್ಲು, ಕೂದಲು, ಎಲುಬು, ಬಿದಿರು, ಮರ, ಕಲ್ಲು, ಮಣ್ಣು ಇವು ನಶಿಸವು. ಚಿನ್ನವು ಕರಗುವುದೆಂಬುದು ಇಂದಿನ ಪರೀಕ್ಷೆಗೆ ನಿಲ್ಲದು. ಹಾಗೆಂದು ಇಡೀ ವಿಭಾಗವನ್ನು ತಳ್ಳಿಹಾಕುವುದೂ ಯುಕ್ತವಲ್ಲ. ಟೈಟೇನಿಯಮ್ಮನ್ನು ಸುಶ್ರುತನು ಬಲ್ಲನೆಂದು ಸಾಧಿಸಹೊರಡುವುದಂತೂ ಹಾಸ್ಯಾಸ್ಪದ. ದ್ರವ್ಯಗಳನ್ನು ಕರಗುವವು, ಕರಗದವು ಎಂದು ವಿಂಗಡಿಸಿದ ದೃಷ್ಟಿಯೇ ಇಲ್ಲಿ ಗ್ರಾಹ್ಯವಾದುದು.

ಯೂರೋಪಿನಲ್ಲಿ ೧೮೮೬ರಲ್ಲಿ ಹಾನ್ಸ್‌ಮನ್ನನು ಲೋಹಫಲಕವನ್ನು ಎಲುಬಿಗೆ ಜೋಡಿಸಿದ ವೃತ್ತಾಂತವನ್ನು ಪ್ರಕಟಿಸಿದನು. ಬೆಲ್ಜಿಯಮ್ಮಿನ ಲ್ಯಾಂಬೊಟ್ಟನು ಮೆಗ್ನೀಸಿಯಮ್ಮಿನ ಫಲಕವನ್ನು ಚಿನ್ನದ ಲೇಪವುಳ್ಳ ಉಕ್ಕಿನ ಮೊಳೆಗಳಿಂದ ಬಿಗಿಯಲು, ಎಂಟೇ ದಿನಗಳಲ್ಲಿ ಫಲಕವು ಕರಗಿ ಚರ್ಮದ ಕೆಳಗೆ ವಾಯು ತುಂಬಿತು. ವಿಜಾತಿಯ ಲೋಹಗಳೆರಡು ದೇಹದ ಉಪ್ಪುನೀರಿನಲ್ಲಿ ಕೂಡಿದರೆ ವಿದ್ಯುತ್ತು ಹುಟ್ಟಿ ಒಂದು ಸವೆಯುವುದೆಂಬುದನ್ನು ವೆನಬಲ್ ಮತ್ತು ಸ್ಟಕ್ ಎಂಬವರು ೧೯೩೭ರಲ್ಲಿ ಸ್ಪಷ್ಟಪಡಿಸಿದರು. ಫಲಕವೂ ತಿರುಪೂ ಸಜಾತೀಯವಾಗಿರಬೇಕೆಂಬ ನಿಯಮದ ಮೂಲವಿದು. ‘೩೧೬ ಎಲ್’ ಎಂಬ ಉಕ್ಕಿನಲ್ಲಿ ಕ್ರೋಮಿಯಂ ಮೇಲ್ಮೈಯಲ್ಲಿ ತೆಳ್ಳನೆಯ ರಕ್ಷಾಪದರವನ್ನು ಕಟ್ಟುತ್ತದೆ. ಮಾಲಿಬ್ಡಿನಂ ಆ ಪದರವನ್ನು ಉಪ್ಪಿನಿಂದ ಕಾಪಾಡುತ್ತದೆ. ಪಾತ್ರೆಪರಟಿಗಳ ‘೩೦೪’ರಲ್ಲಿ ಮಾಲಿಬ್ಡಿನಂ ಇರುವುದಿಲ್ಲ. ಕಾರ್ಖಾನೆಯಲ್ಲಿ ಎರಡೂ ‘ಎಸ್ಸೆಸ್ಸೇ’, ಎಲುಬಿನಲ್ಲಿ ಹಾಗಲ್ಲ.

ಬಿಗಿಯ ಪ್ರಶ್ನೆ ಹೊಸ ರೂಪದಲ್ಲಿ ಮರಳಿ ಬಂದಿತು. ಉಕ್ಕು ಎಲುಬಿಗಿಂತ ಸುಮಾರು ಹತ್ತುಮಡಿ ಪೆಡಸು. ಟೈಟೇನಿಯಮ್ಮಿನ ಮಿಶ್ರಲೋಹವು ಉಕ್ಕಿನ ಅರ್ಧಕ್ಕಿಂತ ತುಸು ಹೆಚ್ಚು. ಪೆಡಸಾದ ಫಲಕವು ಭಾರವನ್ನೆಲ್ಲ ತಾನೇ ಹೊತ್ತರೆ, ಕೆಲಸವಿಲ್ಲದ ಎಲುಬು ಸೊರಗುತ್ತದೆ. ಹಳೆಯ ಕಟ್ಟಿನ ವಿಧಿಗೂ ಇದಕ್ಕೂ ಕಾರಣಗಳು ಬೇರೆ. ಬೇಕಾದಷ್ಟೇ ಬಿಗಿಯೆಂಬ ಎಚ್ಚರ ಒಂದೇ. ಲ್ಯಾಂಬೊಟ್ಟನಿಗೆ ಕೈಕೊಟ್ಟ ಮೆಗ್ನೀಸಿಯಮ್ಮಿನ ಕರಗುವ ಗುಣವನ್ನೇ ಪಳಗಿಸಿ ಮಾಡಿದ ತಿರುಪಿಗೆ ೨೦೧೩ರಲ್ಲಿ ಯೂರೋಪಿನಲ್ಲಿ ಅನುಮತಿ ದೊರೆಯಿತು.

ಇವಕ್ಕೆಲ್ಲ ಕನ್ನಡದಲ್ಲಿ ಏನೆನ್ನಬೇಕು? ‘ಕಸಿ’ ಎಂಬುದು ಬಳಕೆಯಲ್ಲಿದ್ದರೂ, ಕಸಿಯಲ್ಲಿ ಜೀವಕ್ಕೆ ಜೀವವು ಬೆಸೆಯಬೇಕು. ಫಲಕವು ಹಾಗೆ ಬೆಸೆಯದು. ಎಲುಬು ಟೈಟೇನಿಯಮ್ಮನ್ನು ಅಂಟಿ ಬೆಳೆಯುವುದನ್ನು ಬ್ರೋನೆಮಾರ್ಕನು ೧೯೫೨ರಲ್ಲಿ ಕಂಡನಾದುದರಿಂದ, ಅಲ್ಲಿ ಮಾತ್ರ ಕಸಿಯೆಂಬುದು ಲಾಕ್ಷಣಿಕವಾಗಿ ಒಪ್ಪೀತು. ಮಜ್ಜೆಯ ನಾಳದಲ್ಲಿ ಹೊಗಿಸುವ ಸರಳಿಗೆ, ೧೯೪೦ರಲ್ಲಿ ಕ್ಯೂಂಟ್ಷರನು ಬರ್ಲಿನ್ನಿನಲ್ಲಿ ತೋರಿಸಿದ ಸಾಧನಕ್ಕೆ, ‘ಅಂತಃಕೀಲ’ವೆಂಬುದು ಚೆನ್ನಾಗಿ ಹೊಂದುತ್ತದೆ. ಕನ್ನಡದ ‘ಕೀಲು’ ಮೊಳೆಯೂ ಹೌದು, ಎಲುಬುಗಳ ಸಂಧಿಯೂ ಹೌದು. ‘ಶಲ್ಯ’ವೆಂಬುದನ್ನು ಫಲಕ ಸಡಿಲಿದಾಗ, ಮುರಿದಾಗ, ಕೀವಿಗೆ ಆಶ್ರಯವಾದಾಗ ಬಳಸಬಹುದು, ಆಗ ಅದನ್ನು ತೆಗೆಯುವುದೇ ವಿಧಿ. ಬಾಧೆಯಿಲ್ಲದಿದ್ದರೆ ವಯಸ್ಕರಲ್ಲಿ ಹಲವು ವೇಳೆ ಒಳಗೇ ಬಿಡುತ್ತಾರೆ. ಬೆಳೆಯುವ ಮಕ್ಕಳಲ್ಲಿ ಎಲುಬು ಅದನ್ನು ಮುಚ್ಚಿಕೊಳ್ಳುವುದಕ್ಕೆ ಮೊದಲೇ ತೆಗೆಯುವುದುಂಟು.